ಮೆಲ್ಬರ್ನ್‌ನಲ್ಲಿ ಆದ ಡಿವೋರ್ಸ್ ಶಿವಮೊಗ್ಗದಲ್ಲಿ ನಡೆಯುತ್ತಾ?

ಹೊರದೇಶದಲ್ಲಿ ಡಿವೋರ್ಸ್ ಆದರೆ ಊರಲ್ಲೂ ಆದ ಹಾಗೆಯೇ ಅಂತ ತುಂಬಾ ಜನ ನಂಬಿದ್ದಾರೆ. ಅಷ್ಟು ಸುಲಭ ಇಲ್ಲ. ನಮ್ಮ ಮದುವೆ ಆಗಿದ್ದು ಶಿವಮೊಗ್ಗದಲ್ಲಿ, ರಿಜಿಸ್ಟರ್ ಆಗಿದ್ದೂ ಅಲ್ಲೇ. ಹಾಗಾಗಿ ಮೆಲ್ಬರ್ನ್‌ನಲ್ಲಿ ಎಷ್ಟು ವರ್ಷ ಇದ್ದರೂ ಊರಿನ ಮಟ್ಟಿಗೆ ನಮಗೆ 1955ರ ಹಿಂದೂ ವಿವಾಹ ಕಾಯ್ದೆಯೇ.

ಆಸ್ಟ್ರೇಲಿಯಾದಲ್ಲಿ ಡಿವೋರ್ಸ್‌ಗೆ ಇರುವುದು ಒಂದೇ ಕಾರಣ, ಸಂಸಾರ ಮತ್ತೆ ಕೂಡದಷ್ಟು ಮುರಿದಿದೆ ಅನ್ನುವುದು. 12 ತಿಂಗಳು ಬೇರೆ ಇದ್ದದ್ದನ್ನು ತೋರಿಸಬೇಕು, ಅಷ್ಟೇ. ಯಾರದು ತಪ್ಪು ಅಂತ ಕೇಳುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಆ ಕಾರಣವೇ ಇಲ್ಲ. ಕ್ರೌರ್ಯ, ಬಿಟ್ಟು ಹೋಗಿದ್ದು ಇಂಥದ್ದು ಇರಬೇಕು, ಇಲ್ಲವೇ ಇಬ್ಬರೂ ಒಪ್ಪಿ ಅರ್ಜಿ ಹಾಕಬೇಕು.

ರಜೆಗೆ ಬಂದಾಗ ವಕೀಲರು ಮೆಲ್ಬರ್ನ್‌ನಲ್ಲಿ ಆದ ನನ್ನ ಡಿವೋರ್ಸ್ ಆರ್ಡರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಷ್ಟೇನಾಮ್ಮಾ? ಕಾರಣ ಎಲ್ಲಿದೆ ಇದ್ರಲ್ಲಿ? ಅವರು ಒಪ್ಪಿದ್ದಾರೆ ಅನ್ನೋದು ಎಲ್ಲಿದೆ?" ಅಂದರು. ಹೆಸರು, ಮದುವೆಯ ವಿವರ, ಕೋರ್ಟಿನ ಮೊಹರು ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ನಾವು ಜಂಟಿಯಾಗಿ ಹಾಕಿದ್ದ ಅರ್ಜಿಯ ಪ್ರತಿ ತೆಗೆದು ಕೊಟ್ಟೆ. ಇಬ್ಬರ ಸಹಿಯೂ ಇತ್ತು. "ಹಾಂ, ಇದು ಬೇಕಾಗಿತ್ತು" ಅಂದರು.

ಆ ಸಹಿಗೆ ಬೆಲೆ ಬಂದಿದ್ದು 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ವೈ. ನರಸಿಂಹರಾವ್ ಪ್ರಕರಣದ ತೀರ್ಪಿನಿಂದ. ತಿರುಪತಿಯಲ್ಲಿ ಮದುವೆಯಾದ ಗಂಡ ಅಮೆರಿಕದ ಮಿಸೌರಿಯಿಂದ ಡಿವೋರ್ಸ್ ತಂದಿದ್ದರು. ಕೋರ್ಟ್ ಅದನ್ನು ಒಪ್ಪಲಿಲ್ಲ. ಆದರೆ ಎದುರಿನವರು ಮನಸ್ಸಿನಿಂದ ಒಪ್ಪಿಗೆ ಕೊಟ್ಟಿದ್ದರೆ ಅಂಥ ಡಿವೋರ್ಸ್ ಇಲ್ಲಿ ನಿಲ್ಲುತ್ತದೆ ಅಂತಲೂ ಹೇಳಿತು. ನಮ್ಮನ್ನು ಕಾಪಾಡಿದ್ದು ಆ ಮಾತು.

ಹೊರದೇಶದ ಡಿವೋರ್ಸನ್ನು ಕೊಟ್ಟು ರಿಜಿಸ್ಟರ್ ಮಾಡಿಸಿಕೊಂಡು ಬರುವ ಕಚೇರಿ ಅಂತ ಇಲ್ಲಿ ಯಾವುದೂ ಇಲ್ಲ. ಫ್ಯಾಮಿಲಿ ಕೋರ್ಟಿನಲ್ಲಿ ದಾವೆ ಹಾಕಿ, ನಾವೀಗ ಗಂಡ ಹೆಂಡತಿ ಅಲ್ಲ ಅಂತ ಘೋಷಣೆ ತಗೊಳ್ಳಬೇಕು. ಆರ್ಡರ್‌ಗೆ ಅಲ್ಲಿಂದಲೇ ಅಪೊಸ್ಟಿಲ್, ಅಂದರೆ ಬೇರೆ ದೇಶದಲ್ಲೂ ನಡೆಯುವ ಹಾಗೆ ಅಲ್ಲಿನ ಸರ್ಕಾರ ಕೊಡುವ ದೃಢೀಕರಣ, ಮಾಡಿಸಿ ತನ್ನಿ. ಊರಲ್ಲಿ ಅಪ್ಪನೋ ಅಣ್ಣನೋ ಓಡಾಡುವುದಾದರೆ ಪವರ್ ಆಫ್ ಅಟಾರ್ನಿ ಬೇಕು. ಹೊರದೇಶದಲ್ಲಿ ಬರೆಸಿದ್ದಾದರೆ ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಇನ್ನು ಹೆಸರು. ನಮ್ಮ ಕಡೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಅಪ್ಪನ ಪೂರ್ತಿ ಹೆಸರು. ಎರಡೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿಡಿ. ಸಣ್ಣ ವಿಷಯ, ಆದರೆ ಸುಮ್ನೆ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ.

ಮತ್ತೆ ಮದುವೆ ಆಗುವ ಯೋಚನೆ ಇಲ್ಲದವರಿಗೆ ಇದೆಲ್ಲ ಯಾಕೆ ಅಂತ ಅಮ್ಮ ಕೇಳಿದರು. ಮಲೆನಾಡಿನಲ್ಲಿ ಇದು ತೋಟದ ಪ್ರಶ್ನೆಯೂ ಹೌದಲ್ವಾ? ಇಲ್ಲಿ ಡಿವೋರ್ಸ್ ನಿಲ್ಲದಿದ್ದರೆ ಕಾನೂನಿನ ಕಣ್ಣಲ್ಲಿ ಆಕೆ ಇನ್ನೂ ಹೆಂಡತಿ. ಗಂಡ ವಿಲ್ ಬರೆಯದೆ ತೀರಿಕೊಂಡರೆ ಮಕ್ಕಳು, ತಾಯಿಯ ಜೊತೆ ಅವಳೂ ವಾರಸುದಾರಳು. ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಅಡಿಕೆ ತೋಟದ ಪಹಣಿಯ ಮುಂದೆ ಜಗಳ ಏಳುತ್ತದೆ. ಡಿವೋರ್ಸ್ ನಿಲ್ಲದೇ ಎರಡನೇ ಮದುವೆ ಆಗಿಬಿಟ್ಟಿದ್ದರಂತೂ ಆ ಮದುವೆಯೇ ಅಸಿಂಧು.

ನನಗೆ ಜಾಸ್ತಿ ಚಿಂತೆ ಇರುವುದು ಊರಲ್ಲೇ ಉಳಿದುಹೋದ ಹೆಣ್ಣುಮಕ್ಕಳ ಬಗ್ಗೆ. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ತವರಿಗೆ ಬಂದು ಕೂತವಳ ಕೈಗೆ ಒಂದು ದಿನ ಹೊರದೇಶದ ಕೋರ್ಟಿನ ನೋಟಿಸ್ ಬರುತ್ತದೆ. ಹೆದರಿ ಸಹಿ ಹಾಕಬೇಡಿ, ಸಿಟ್ಟಿನಲ್ಲಿ ಹರಿದು ಎಸೆಯಲೂ ಬೇಡಿ. ಅವಳ ಅಹವಾಲು ಹೇಳಲು ಸರಿಯಾದ ಅವಕಾಶ ಕೊಡದೆ ಆದ ತೀರ್ಪನ್ನು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಸೆಕ್ಷನ್ ಒಪ್ಪುವುದಿಲ್ಲ. ಆ ನೋಟಿಸ್, ಬಂದ ಲಕೋಟೆ ಎರಡನ್ನೂ ತಗೊಂಡು ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟು ಅಂತ ನೋಡುವುದಿಲ್ಲ.