ಸೂರ್ಯ ಮುಳುಗುವ ಮುನ್ನ 881 ಕಿಲೋಮೀಟರ್

ಹೊತ್ತು ಮೂಡಿದ ಮೇಲೆ ರೈಲು ಹತ್ತಬೇಕು, ಮುಳುಗುವ ಮೊದಲು ಇಳಿಯಬೇಕು, ನಡುವೆ ಆದಷ್ಟು ದೂರ ಸಾಗಬೇಕು. ಈ ಲೆಕ್ಕಕ್ಕೆ ಕೂತವರು ಮೊದಲು ವೇಗದ ರೈಲು ಹುಡುಕುತ್ತಾರೆ. ನವದೆಹಲಿ–ವಾರಾಣಸಿ ವಂದೇ ಭಾರತ್ ಎಂಟು ಗಂಟೆಯಲ್ಲಿ ಸುಮಾರು 760 ಕಿ.ಮೀ. ಓಡುತ್ತದೆ, ನಿಜ. ಆದರೆ ಮಧ್ಯಾಹ್ನ ಎರಡಕ್ಕೇ ಮುಗಿದುಹೋಗುತ್ತದೆ. ಜೂನ್ ತಿಂಗಳಲ್ಲಾದರೆ ಇನ್ನೂ ಐದು ಗಂಟೆಯಷ್ಟು ಬೆಳಕು ಬಾಕಿ. ಹಗಲನ್ನು ಪೂರ್ತಿ ಬಳಸಿಕೊಳ್ಳುವ ರೈಲು ಬೇಕು.

ಅದಕ್ಕೆ ಪುಣೆ–ಅಜನಿ (ನಾಗಪುರ) ವಂದೇ ಭಾರತ್‌ಗಿಂತ ಒಳ್ಳೆಯದು ಸಿಗುವುದು ಕಷ್ಟ. 2025ರ ಆಗಸ್ಟ್ 10ರಂದು ನಮ್ಮ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಜೊತೆಯಲ್ಲೇ ಇದಕ್ಕೂ ಚಾಲನೆ ಸಿಕ್ಕಿತು. ಪುಣೆಯಿಂದ 6:25ಕ್ಕೆ ಹೊರಟು 18:25ಕ್ಕೆ ಅಜನಿ ಸೇರುತ್ತದೆ: 12 ಗಂಟೆ, 881 ಕಿ.ಮೀ. ದೌಂಡ್, ಕೋಪರಗಾಂವ್, ಮನ್ಮಾಡ್, ಭುಸಾವಳ ಎಂದರೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋದವರಿಗೆ ಗುರುತಿನ ದಾರಿ.

ದಿಕ್ಕಿನ ಲೆಕ್ಕ ಇಲ್ಲಿ ಮುಖ್ಯ. ರೇಖಾಂಶ ಒಂದು ಡಿಗ್ರಿ ಪೂರ್ವಕ್ಕೆ ಸರಿದರೆ ಸೂರ್ಯ ನಾಲ್ಕು ನಿಮಿಷ ಮೊದಲೇ ಹುಟ್ಟಿ, ಮೊದಲೇ ಮುಳುಗುತ್ತಾನೆ. ಜೂನ್ ಕೊನೆಗೆ ಪುಣೆಯಲ್ಲಿ ಸೂರ್ಯೋದಯ ಸುಮಾರು 6:00, ನಾಗಪುರದಲ್ಲಿ ಸೂರ್ಯಾಸ್ತ ಸುಮಾರು 19:00. ಕೈಗೆ ಸಿಗುವುದು 13 ಗಂಟೆ. ಪಶ್ಚಿಮಕ್ಕೆ ಬಂದರೆ ಮುಕ್ಕಾಲು ಗಂಟೆಯಷ್ಟು ಹೆಚ್ಚು ಸಿಗುತ್ತದೆ, ಆದರೆ ಆ ರೈಲು ಅಜನಿ ಬಿಡುವುದೇ 9:50ಕ್ಕೆ. ಪುಣೆ ತಲುಪುವಾಗ ರಾತ್ರಿ. ಹಾಗಾಗಿ ಪೂರ್ವಕ್ಕೇ ಹೋಗಬೇಕು. ಏಪ್ರಿಲ್ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ ಎರಡೂ ತುದಿ ಬೆಳಕಿನಲ್ಲಿರುತ್ತವೆ. ಅಂಚಿನ ದಿನಗಳನ್ನು ಬಿಟ್ಟುಬಿಡಿ: ರೈಲು ಹತ್ತು ನಿಮಿಷ ತಡವಾದರೂ ಕತ್ತಲು. ಜೂನ್–ಜುಲೈನಲ್ಲಿ ಅರ್ಧ ಗಂಟೆಯ ಸಡಿಲ ಸಿಗುತ್ತದೆ. ಮಳೆ ಮೋಡ ಬೇಡವೆಂದರೆ ಮೇ ಒಳ್ಳೆಯದು, ಸೆಕೆ ಮಾತ್ರ ವಿಪರೀತ, ಎ.ಸಿ. ಇರುವುದರಿಂದ ತೊಂದರೆಯಿಲ್ಲ.

ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ದೌಂಡ್‌ನಿಂದ ಮನ್ಮಾಡ್‌ವರೆಗೆ ದಾರಿ ಹೆಚ್ಚುಕಡಿಮೆ ಉತ್ತರಕ್ಕೆ. ಬೆಳಗಿನ ಬಿಸಿಲು ಬಲಗಡೆ ಹೊಡೆಯುತ್ತದೆ, ಎಡಗಡೆಯ ಕಿಟಕಿ ಹಿತ. ಕಿಟಕಿ ಪಕ್ಕದ ಸೀಟು ಸಿಕ್ಕರೂ ಕೆಲವು ಸಾಲುಗಳಲ್ಲಿ ಪಕ್ಕಕ್ಕೆ ಬರುವುದು ಗಾಜಲ್ಲ, ಎರಡು ಗಾಜುಗಳ ನಡುವಿನ ಗೋಡೆ. ಹನ್ನೆರಡು ಗಂಟೆ ಕೂರುವವರಿಗೆ ಇದು ಸಣ್ಣ ವಿಷಯವಲ್ಲ.

ದಕ್ಷಿಣದಲ್ಲೇ ಮಾಡಬೇಕೆಂದರೆ ಚೆನ್ನೈ–ಮೈಸೂರು ವಂದೇ ಭಾರತ್ (20607) ಇದೆ. ಚೆನ್ನೈ ಬಿಡುವುದು 5:50ಕ್ಕೆ. ಏಪ್ರಿಲ್ ಕೊನೆಯಿಂದ ಜುಲೈ ಮಧ್ಯದವರೆಗೆ ಮಾತ್ರ ಅಷ್ಟು ಹೊತ್ತಿಗೆ ಅಲ್ಲಿ ಸೂರ್ಯ ಹುಟ್ಟಿರುತ್ತಾನೆ. ಮಧ್ಯಾಹ್ನ ಹನ್ನೆರಡೂಕಾಲರ ಸುಮಾರಿಗೆ ಮೈಸೂರು, ಅಲ್ಲಿಂದ 13:05ಕ್ಕೆ 20608ರಲ್ಲಿ ವಾಪಸ್. ಎರಡಕ್ಕೂ ಒಂದೇ ರೇಕ್ (ಬೋಗಿಗಳ ಸಾಲು), ಆದ್ದರಿಂದ ಬರುವುದು ತಡವಾದರೂ ಮುಂದಿನದು ತಪ್ಪುವ ಭಯವಿಲ್ಲ. ಹೋಗಿಬರುವ ದಾರಿ ಒಟ್ಟು ಸುಮಾರು 1000 ಕಿ.ಮೀ. ಆದರೆ ಚೆನ್ನೈಗೆ ಬರುವುದು ಏಳು ಗಂಟೆ ದಾಟಿದ ಮೇಲೆ. ಅಲ್ಲಿ ಸೂರ್ಯಾಸ್ತ 18:40ರ ಒಳಗೇ. ನಿಯಮ ಮುರಿಯಬಾರದೆಂದರೆ ಸಂಜೆ ಐದೂವರೆ ಹೊತ್ತಿಗೆ ಕಾಟ್ಪಾಡಿಯಲ್ಲಿ ಇಳಿದುಬಿಡಿ. ಆಗ ಸುಮಾರು 870 ಕಿ.ಮೀ., ಜೊತೆಗೆ ಸುಮಾರು ಒಂದು ಗಂಟೆಯ ಸಡಿಲ. ಈ ರೈಲುಗಳಿಗೆ ವಾರಕ್ಕೊಂದು ದಿನ ರಜೆ, ವೇಳಾಪಟ್ಟಿಯೂ ಆಗಾಗ ಬದಲಾಗುತ್ತದೆ. ಟಿಕೆಟ್ ತೆಗೆಯುವ ದಿನವೇ ಎರಡನ್ನೂ ನೋಡಿಕೊಳ್ಳಿ.