ಬಿಟ್ಟುಕೊಟ್ಟವರು, ಬಿಟ್ಟು ಹೋದವರು

ಶುಕ್ರವಾರ ಸಂಜೆ ಅನುವಾದದ ಡೆಲಿವರಿ ಮುಗಿಸಿ ಬ್ಯಾಗ್ ಎತ್ತಿಕೊಂಡಿದ್ದೆ. ಪಿಎಂ, ಅಂದರೆ ಪ್ರಾಜೆಕ್ಟ್ ಮ್ಯಾನೇಜರ್, ಬಂದು ಫೋನ್ ಕೈಗಿಟ್ಟರು. "ಕ್ಲೈಂಟು. ನೀವೇ ಮಾತಾಡಿ."

ವಯಸ್ಸಾದ ಹೆಂಗಸಿನ ದನಿ. "ಅಲ್ಲಪ್ಪಾ, ನಮ್ಮ ತಮ್ಮ ಆಸ್ತಿ ಬಿಟ್ಟುಕೊಟ್ಟ ಅಂತ ಬರ್ದಿದ್ದೀರಲ್ಲ. ಯಾವಾಗ ಬಿಟ್ಟುಕೊಟ್ಟ? ಅವ್ನು ತೀರಿಕೊಂಡಿದ್ದಾನೆ."

ಜರ್ಮನಿಯ ಕೋರ್ಟಿನಿಂದ ಅವರಿಗೆ ಬಂದ ಪತ್ರ ಅದು. ‘ಎರ್ಬ್‌ಲಸ್ಸರ್’ ಅನ್ನೋ ಪದ ಅನುವಾದದ ಟೂಲಿನ ಹನ್ನೊಂದು ಸೆಗ್ಮೆಂಟ್‌ನಲ್ಲಿ, ಅಂದರೆ ಹನ್ನೊಂದು ಸಾಲಿನಲ್ಲಿತ್ತು. ಎರ್ಬೆ ಅಂದರೆ ವಾರಸಿನ ಆಸ್ತಿ, ಲಸ್ಸನ್ ಅಂದರೆ ಬಿಡು. ‘ಆಸ್ತಿ ಬಿಟ್ಟುಕೊಟ್ಟವರು’ ಅಂತ ಒಂದು ಕಡೆ ಕನ್ಫರ್ಮ್ ಒತ್ತಿದೆ. ಉಳಿದ ಹತ್ತನ್ನು ಟೂಲ್ ತಾನೇ ತುಂಬಿತು.

ಬಿಟ್ಟಿದ್ದು ನಿಜ. ಆದರೆ ಬಿಟ್ಟುಕೊಟ್ಟಿದ್ದಲ್ಲ, ಬಿಟ್ಟು ಹೋಗಿದ್ದು. ಎರ್ಬ್‌ಲಸ್ಸರ್ ಅಂದರೆ ಸತ್ತವರು!

ಅವತ್ತು ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ಇದೇ ಎರ್ಬೆ ಬಗ್ಗೆ ಅರ್ಧ ಗಂಟೆ ಕೊರೆದಿದ್ದೆ. ಗ್ರೀಕಿನ ಓರ್ಫನೋಸ್, ಅದರಿಂದ ಬಂದ ಇಂಗ್ಲಿಷಿನ ಆರ್ಫನ್, ಸಂಸ್ಕೃತದ ಅರ್ಭಕ, ಎಲ್ಲ ಒಂದೇ ಬೇರಿನವು ಅಂತ. ‘ಡೆರ್’ ಎರ್ಬೆ ಅಂದರೆ ವಾರಸುದಾರ, ‘ಡಾಸ್’ ಎರ್ಬೆ ಅಂದರೆ ಆಸ್ತಿ ಅಂತ. ಪಕ್ಕದ ಸೀಟಿನ ಹುಡುಗಿ ಬಾಯಿಬಿಟ್ಟು ಕೇಳಿದ್ದಳು. ಯಾವ ಪದಕ್ಕೆ ಯಾವ ಪದ ಅಂತ ಪಟ್ಟಿ ಇರೋ ಟರ್ಮ್‌ಬೇಸ್ ಮಾತ್ರ ನಾನು ತೆರೆದೇ ಇರಲಿಲ್ಲ.

"ಹಂಗಾದ್ರೆ ನಾನೇನೂ ಮಾಡ್ಬೇಕಾಗಿಲ್ಲ ಅಲ್ವಾ?" ಅಂದರು ಆಕೆ.

ಕೈ ತಣ್ಣಗಾಯಿತು. ಜರ್ಮನ್ ಕಾನೂನಿನಲ್ಲಿ ಆಸ್ತಿ ಜೊತೆ ಸಾಲವೂ ವಾರಸುದಾರರಿಗೇ ಬರುತ್ತದೆ. ಬೇಡ ಅನ್ನೋದಾದರೆ ವಿಷಯ ತಿಳಿದ 6 ವಾರದೊಳಗೆ ಹೇಳಬೇಕು. ಆಗ ವಾರಸುದಾರರು ಹೊರದೇಶದಲ್ಲಿದ್ದರೆ 6 ತಿಂಗಳು. ಸುಮ್ನೆ ಕೂತರೆ ಒಪ್ಪಿಕೊಂಡ ಹಾಗೆ. ಬಿಟ್ಟುಕೊಡೋದೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ಈ ಅಕ್ಕ. ನನ್ನ ಅನುವಾದದಲ್ಲಿ ಸತ್ತ ತಮ್ಮನೇ ಅದನ್ನು ಮಾಡಿ ಮುಗಿಸಿದ್ದ.

"ಇಲ್ಲಮ್ಮಾ, ತಪ್ಪು ನಂದು. ಆ ಅನುವಾದ ಇಟ್ಕೊಂಡು ಏನೂ ಮಾಡ್ಬೇಡಿ. ಇವತ್ತೇ ಸರಿಯಾದದ್ದು ಕಳಿಸ್ತೀನಿ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ಬೇಗ ಕಳ್ಸಪ್ಪಾ" ಅಂದು ಇಟ್ಟರು. ಬೈದಿದ್ದರೆ ವಾಸಿಯಿತ್ತು.

ಹನ್ನೊಂದೂ ಸೆಗ್ಮೆಂಟನ್ನು ಕೈಯಲ್ಲೇ ‘ಮೃತರು’ ಅಂತ ತಿದ್ದಿದೆ. ತಪ್ಪು ಹುಡುಕೋ ಕ್ಯೂಎ ಓಡಿಸಿದೆ. ತಪ್ಪು ಕಾಪಿಗೂ ಅದು ಹಸಿರು ಟಿಕ್ ಕೊಟ್ಟಿತ್ತು, ಇದಕ್ಕೂ ಕೊಟ್ಟಿತು. ಹನ್ನೊಂದು ಕಡೆಯೂ ಒಂದೇ ತರ ಇದ್ದರೆ ಅದಕ್ಕೆ ಸಾಕು.

ಮಾಡಿದ ಅನುವಾದಗಳನ್ನೆಲ್ಲ ಕೂಡಿಡೋ ಟಿಎಂನಲ್ಲಿರೋ ಹಳೇ ಸಾಲು ಅಳಿಸೋ ಪರ್ಮಿಷನ್ ನಮಗಿಲ್ಲ. ಪಿಎಂಗೆ ಮೂರು ಮೇಲ್ ಹಾಕಿದ್ದೇನೆ. ಮೊನ್ನೆ ಬೇರೆ ಫೈಲ್ ತೆರೆದರೆ ನೂರಕ್ಕೆ ನೂರು ಮ್ಯಾಚ್ ಅಂತ ಮತ್ತೆ ಅದೇ ಬಂತು: ‘ಆಸ್ತಿ ಬಿಟ್ಟುಕೊಟ್ಟವರು’. ಪಕ್ಕದಲ್ಲಿ ನನ್ನ ಹೆಸರು.