ಕ್ರಾಸಿನ ಅಂಗಡಿ, ಗಾಜಿನ ಪಂಪು

1 ಅಕ್ಟೋಬರ್ 2025, ಬುಧವಾರ

ಸಂಜೆಯಿಂದ ಆ ಹಳೇ ಫೋಟೋ ತಲೆಯಲ್ಲೇ ಕೂತಿದೆ. ಅಮೆರಿಕದ ಹಳ್ಳಿಗಾಡು, ಎರಡು ರಸ್ತೆ ಕೂಡುವ ಕ್ರಾಸು, ಮೂಲೆಯಲ್ಲಿ ಮರದ ಅಂಗಡಿ, ಮುಂದೆ ಗಾಜಿನ ತಲೆಯ ಪೆಟ್ರೋಲ್ ಪಂಪು. ‘ಸೂಪರ್ ಮಾರ್ಕೆಟ್ ಬಂತು, ಇದು ಮುಚ್ಚಿತು’ ಅಂತ ಕೆಳಗೆ ಯಾರೋ ಬರೆದಿದ್ದಾರೆ. ಅಷ್ಟು ಸಲೀಸಾಗಿ ಮುಗಿಸಿಬಿಟ್ಟರೆ ಹೇಗೆ?

ಜನ ಇಂಥ ಅಂಗಡಿಗೆ ಬರುತ್ತಿದ್ದುದು ಎಷ್ಟೋ ಕಡೆ ಕಾಗದಕ್ಕಾಗಿ. ಒಂದು ಮೂಲೆಯೇ ಪೋಸ್ಟಾಫೀಸು, ಅಂಗಡಿಯವನೇ ಪೋಸ್ಟ್‌ಮಾಸ್ಟರು. ಮೊಹರು ಹೊಡೆದ ಸ್ಟಾಂಪುಗಳ ಲೆಕ್ಕದ ಮೇಲೆ ಅವನಿಗೆ ಸಿಗುತ್ತಿದ್ದುದು ಪುಡಿಗಾಸು. ಆದರೆ ಕಾಗದ ಕೇಳಲು ಬಂದವರು ಸಕ್ಕರೆ, ಮೊಳೆ, ಸೀಮೆಎಣ್ಣೆ ಒಯ್ಯುತ್ತಿದ್ದರು, ಉದ್ರಿ ಬರೆಸುತ್ತಿದ್ದರು. 1901ರಲ್ಲಿ ಆ ದೇಶದಲ್ಲಿ 76,945 ಅಂಚೆ ಕಚೇರಿಗಳಿದ್ದವು; ಅದೇ ಗರಿಷ್ಠ. ರೈತರ ಮನೆಬಾಗಿಲಿಗೇ ಅಂಚೆ ಒಯ್ಯುವ ಪ್ರಯೋಗ 1896ರ ಇದೇ ಅಕ್ಟೋಬರ್ 1ಕ್ಕೆ ವೆಸ್ಟ್ ವರ್ಜೀನಿಯಾದಲ್ಲಿ ಶುರುವಾಗಿ, 1902ರಲ್ಲಿ ಕಾಯಂ ಆಯಿತು. 1913ರ ಜನವರಿ 1ರಿಂದ ಪಾರ್ಸೆಲ್ಲೂ ಸೇರಿತು. ಕ್ಯಾಟಲಾಗ್ ನೋಡಿ ತರಿಸಿದ ಸಾಮಾನು ಅಂಗಡಿಯ ಮುಂದೆಯೇ ಹಾದು ಮನೆ ಸೇರತೊಡಗಿತು.

ರೈತನಿಗೆ ಒಳ್ಳೆಯದೇ ಆಯಿತು ಅನ್ನಿ. ಉದ್ರಿಗೊಂದು ಬೆಲೆ, ನಗದಿಗೊಂದು ಬೆಲೆ ಇಟ್ಟು ಹತ್ತಿ ಬೆಳೆಯುವವರನ್ನು ಹಿಂಡಿದ ಅಂಗಡಿಗಳು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೇಕಾದಷ್ಟಿದ್ದವು.

ಆಮೇಲೆ ಅಂಗಡಿಯ ಮುಂದೆ ಗಾಡಿಗಳು ನಿಲ್ಲುವಂತೆ ಮಾಡಿದ್ದು ಪಂಪು. ಎಂಥ ಚೆಂದದ ಯಂತ್ರ! ಉದ್ದನೆಯ ಹಿಡಿಯನ್ನು ಹಿಂದೆ ಮುಂದೆ ಎಳೆದರೆ ನೆಲದಡಿಯ ಟ್ಯಾಂಕಿನಿಂದ ಪೆಟ್ರೋಲ್ ಮೇಲಿನ ಗಾಜಿನ ಕೊಳವೆಗೆ ಏರುತ್ತಿತ್ತು. ಸಾಮಾನ್ಯವಾಗಿ 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ಹಿಡಿಯುತ್ತಿತ್ತು. ಜಾಸ್ತಿ ಏರಿದ್ದು ಒಂದು ನಳಿಕೆಯಲ್ಲಿ ವಾಪಸ್ ಕೆಳಗಿಳಿದು, ಮಟ್ಟ ಸರಿಯಾಗಿ ಸೊನ್ನೆಗೆ ನಿಲ್ಲುತ್ತಿತ್ತು. ಗುರುತುಗಳು ಮೇಲಿನಿಂದ ಕೆಳಕ್ಕೆ 1, 2, 3. ಇಳಿದಷ್ಟಕ್ಕೇ ಕಾಸು, ಅದೂ ಗಿರಾಕಿಯ ಕಣ್ಣೆದುರೇ.

ಆ ಪಂಪು ಹೋಗಿ ವಿದ್ಯುತ್ತಿನಿಂದ ನಡೆಯುವ, ಮೀಟರಿನ ಪಂಪು ಬಂತು. ಆದರೆ ತೊಂದರೆ ಇದ್ದದ್ದು ನೆಲದಡಿಯಲ್ಲಿ. ಲೇಪನವಿಲ್ಲದ ಉಕ್ಕಿನ ಟ್ಯಾಂಕನ್ನು ಒದ್ದೆ ಮಣ್ಣಿನಲ್ಲಿ ಹೂತರೆ ಮಣ್ಣೂ ಉಕ್ಕೂ ಸೇರಿ ಬ್ಯಾಟರಿ ಸೆಲ್ಲಿನಂತೆ ವರ್ತಿಸುತ್ತವೆ. ವಿದ್ಯುತ್ ಹೊರಬೀಳುವ ಜಾಗದಲ್ಲಿ ಉಕ್ಕು ಸವೆದು ತೂತಾಗುತ್ತದೆ, ಪೆಟ್ರೋಲ್ ಬಾವಿಗಳಿಗೆ ಇಳಿಯುತ್ತದೆ. ಸತುವಿನ ಅಥವಾ ಮೆಗ್ನೀಸಿಯಂನ ಗಟ್ಟಿಯೊಂದನ್ನು ಟ್ಯಾಂಕಿಗೆ ಜೋಡಿಸಿದರೆ ಉಕ್ಕಿನ ಬದಲು ಅದು ಸವೆಯುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ 1988ರ ನಿಯಮ ಹಳೇ ಟ್ಯಾಂಕುಗಳಿಗೆ ತುಕ್ಕಿನಿಂದ ರಕ್ಷಣೆ, ಟ್ಯಾಂಕು ತುಂಬಿಸುವ ಕೊಳವೆ ಕಳಚುವಾಗ ಚೆಲ್ಲಿದ್ದನ್ನು ಹಿಡಿಯುವ ಬಟ್ಟಲು, ಮಿತಿಮೀರಿ ತುಂಬದಂತೆ ತಡೆಯುವ ಸಾಧನ ಎಲ್ಲ ಬೇಕೆಂದಿತು. ಕೊನೇ ದಿನ 1998ರ ಡಿಸೆಂಬರ್ 22. ಇಲ್ಲವಾದರೆ ಟ್ಯಾಂಕು ಬದಲಿಸಬೇಕು, ಅಥವಾ ಮುಚ್ಚಬೇಕು. ದಿನಕ್ಕೆ ನಾಲ್ಕಾರು ಗಾಡಿಗೆ ಹಾಕುವವನಿಗೆ ಆ ಖರ್ಚು ಹುಟ್ಟುವುದೆಲ್ಲಿಂದ? ಎಷ್ಟೋ ಜನ ಪಂಪು ಕಿತ್ತೇ ಹಾಕಿದರು. ನಿಯಮ ಸರಿಯೇ, ಕುಡಿಯುವ ನೀರಿನ ವಿಷಯ. ಸಣ್ಣವರಿಗೆ ಕೈಹಿಡಿಯುವ ದಾರಿ ಇನ್ನಷ್ಟು ಇರಬೇಕಿತ್ತು.

ಇನ್ನು ರಸ್ತೆ ಅಗಲೀಕರಣದ ಕಥೆ ಬೇರೆ. ಮೂಲೆಯ ಕಟ್ಟಡ ಅಡ್ಡ ಬಂದರೆ ಪಕ್ಕದ ರಸ್ತೆಯ ಗಾಡಿ ಕಾಣುವುದಿಲ್ಲ, ಹಾಗಾಗಿ ಇಂಜಿನಿಯರ ಕಣ್ಣು ಮೊದಲು ಬೀಳುವುದೇ ಅಂಗಡಿಯ ಜಗಲಿಯ ಮೇಲೆ.